ಗುದ್ದಲಿ ಹಿಡಿಯುವ ಓದು

1978ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಲಾಲ್‌ಬಾಗಿನ ತೋಟಗಾರಿಕೆ ತರಬೇತಿಗೆ ಹೊರಟೆ. ಶ್ರೀನಿವಾಸಪುರದ ಕಡೆಯ ನಮ್ಮೂರಿಗೆ ಅದೇ ಒಂದು ತಮಾಷೆಯಾಯಿತು. "ಗುದ್ದಲಿ ಹಿಡಿಯೋಕೆ ಬೆಂಗಳೂರು ಯಾಕೋ? ನಮ್ಮ ಹೊಲಕ್ಕೆ ಬಾ, ಫೀಸಿಲ್ಲದೆ ಕಲಿಸ್ತೀನಿ" ಅಂದರು ದೊಡ್ಡಪ್ಪ. ಓದು ಅಂದರೆ ಗುಮಾಸ್ತೆ ಕೆಲಸ, ಇಲ್ಲವೇ ಮೇಷ್ಟ್ರು ಕೆಲಸ. ಮಣ್ಣು ಮುಟ್ಟುವುದನ್ನು ತಪ್ಪಿಸಲೆಂದೇ ಮಕ್ಕಳನ್ನು ಓದಿಸುತ್ತಿದ್ದ ಕಾಲ.

ನಾವು ಸೇರುವ ಹೊತ್ತಿಗೆ ತೋಟಗಾರಿಕೆ ಇಲಾಖೆಯ ನಿರ್ದೇಶಕರಾಗಿದ್ದ ಎಂ.ಎಚ್. ಮರಿಗೌಡರು ನಿವೃತ್ತರಾಗಿದ್ದರು. ಆದರೂ ಹಳೆಯ ಮಾಲಿಗಳು ಅವರ ಹೆಸರೆತ್ತಿದಾಗ ಬೀಡಿ ಬಿಸಾಕುತ್ತಿದ್ದರು.

ಗಿಡಗಳ ಶಿಲೀಂಧ್ರ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮಾಡುವ ದಿನ ನನಗೆ ಹಬ್ಬ. ಒಂದು ಗುಡಾಣದಲ್ಲಿ ಒಂದು ಕಿಲೋ ಮೈಲುತುತ್ತ, ಇನ್ನೊಂದರಲ್ಲಿ ಅಷ್ಟೇ ಸುಣ್ಣ. ಎರಡನ್ನೂ ಪೀಪಾಯಿಗೆ ಸುರಿದು ನೂರು ಲೀಟರ್ ಮಾಡಬೇಕು. ಕಬ್ಬಿಣದ ಬಾಂಡ್ಲಿ ಮುಟ್ಟಿಸುವಂತಿಲ್ಲ. ಕೊನೆಗೆ ಹಳೆಯ ಮಾಲಿ ತನ್ನ ಚಾಕು ಅದ್ದಿ ಬಿಸಿಲಿಗೆ ಹಿಡಿಯುತ್ತಿದ್ದ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ "ಸುಣ್ಣ ಸಾಲದು." ಆ ಚಾಕುವಿನ ಮುಂದೆ ನಮ್ಮ ನೋಟ್‌ಬುಕ್ಕಿಗೆ ಮರ್ಯಾದೆ ಇರಲಿಲ್ಲ.

ರಜೆಗೆ ಊರಿಗೆ ಹೋದಾಗ ನಮ್ಮಜ್ಜಿಗೆ ಹಿತ್ತಲ ಮರ ತೋರಿಸಿ, "ಇದು ಮ್ಯಾಂಜಿಫೆರಾ ಇಂಡಿಕಾ" ಎಂದು ಗಂಭೀರವಾಗಿ ಹೇಳಿದೆ. ಆಕೆ ಮೊರದಲ್ಲಿ ರಾಗಿ ಕೇರುತ್ತ ತಲೆಯೆತ್ತಲಿಲ್ಲ: "ಅದೆಲ್ಲ ಇರ್ಲಿ, ಮಿಡಿ ಉಪ್ಪಿನಕಾಯಿಗೆ ಬರ್ತದಾ ಹೇಳು." ಲ್ಯಾಟಿನ್ ಅಲ್ಲಿಗೆ ಮುಗಿಯಿತು.

ಕಸಿ ಮಾತ್ರ ಕೈಗೆ ಹತ್ತಿತು. ಮಾವಿಗೆ ಆಗ ಸಾಮೀಪ್ಯ ಕಸಿ. ತಾಯಿಮರದ ಸುತ್ತ ಅಟ್ಟಣೆ ಕಟ್ಟಿ, ಕುಂಡದ ಸಸಿಯನ್ನು ಕೊಂಬೆಯ ಪಕ್ಕಕ್ಕೇರಿಸಿ, ಎರಡರ ತೊಗಟೆಯನ್ನೂ ಹೆರೆದು ಬಾಳೆನಾರಿನಿಂದ ಬಿಗಿದು, ಸಗಣಿ-ಜೇಡಿ ಮೆತ್ತುತ್ತಿದ್ದೆವು. ಎರಡು ಮೂರು ತಿಂಗಳು ಮರ ಹತ್ತಿ ನೀರು ಹಾಕಬೇಕು. ಅಂಗಿಗೆ ಸಗಣಿಯ ವಾಸನೆ. ಬಸ್ಸಿನಲ್ಲಿ ಪಕ್ಕದ ಸೀಟು ಸದಾ ಖಾಲಿ. ಹಾಗೆ ಮಾಡಿದ ಬಾದಾಮಿ ಗಿಡವನ್ನು ನಾಲ್ಕು ರೂಪಾಯಿಗೆ ಮಾರಿದ್ದೇನೆ. ಈಗ ಚೀಲದ ಎಳೆಸಸಿ ಸೀಳಿ, ಕಡ್ಡಿ ಸಿಕ್ಕಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತಿದರೆ ಮೂರು ವಾರದಲ್ಲಿ ಚಿಗುರು. ಬಾಳೆನಾರಿಗಾಗಿ ನಾನಂತೂ ಅಳುವವನಲ್ಲ.

ಕಲಿತವರು ಚದುರಿದರು. ನನಗೆ ಸರ್ಕಾರಿ ನರ್ಸರಿ. ಇಬ್ಬರಿಗೆ ಕಾರ್ಖಾನೆಗಳ ತೋಟದ ಮೇಸ್ತ್ರಿಕೆ. ಒಬ್ಬ ರಾಣೆಬೆನ್ನೂರಿನ ಕಡೆ ಹೈಬ್ರಿಡ್ ಬೀಜದ ಹೊಲಕ್ಕೆ ಹೋಗಿ, ಟೊಮೆಟೊ ಮೊಗ್ಗಿನ ಕೇಸರಗಳನ್ನು ಚಿಮಟದಿಂದ ಕೀಳಿಸುತ್ತ ಮನೆ ಕಟ್ಟಿಸಿದ. ನಮ್ಮಲ್ಲಿ ಸಾಹುಕಾರನಾದವನು ಅವನೊಬ್ಬನೇ.

ಲಾಲ್‌ಬಾಗಿನಲ್ಲಿ ರೈತರ ಮಕ್ಕಳಿಗೆ 10 ತಿಂಗಳ ತರಬೇತಿ ಈಗಲೂ ಇದೆ. ಜೊತೆಗೆ 2008ರಿಂದ ಬಾಗಲಕೋಟೆಯಲ್ಲಿ ತೋಟಗಾರಿಕೆಗೇ ಒಂದು ವಿಶ್ವವಿದ್ಯಾಲಯ. ನನ್ನ ತಮ್ಮನ ಮಗಳು ಬಿಎಸ್ಸಿ ಮುಗಿಸಿ ದೊಡ್ಡಬಳ್ಳಾಪುರದ ಪಾಲಿಹೌಸೊಂದರಲ್ಲಿ ದಪ್ಪಮೆಣಸಿನಕಾಯಿ ನೋಡಿಕೊಳ್ಳುತ್ತಾಳೆ. ಗೊಬ್ಬರ ಡ್ರಿಪ್ಪಿನಲ್ಲೇ ಹೋಗುತ್ತದೆ. ಅವಳ ಸಹಪಾಠಿಗಳು ಅಂಗಾಂಶ ಬಾಳೆ, ತಾರಸಿ ತೋಟ, ಅಪಾರ್ಟ್‌ಮೆಂಟಿನ ಹುಲ್ಲುಹಾಸಿನ ಕಾಂಟ್ರಾಕ್ಟು ಅಂತ ಹಂಚಿಹೋಗಿದ್ದಾರೆ. ಮೊನ್ನೆ ಫೋನಿನಲ್ಲಿ, "ದೊಡ್ಡಪ್ಪ, ನರ್ಸರಿ ಶುರು ಮಾಡೋಣ ಅಂತಿದ್ದೀನಿ, ಕಸಿ ಕಟ್ಟೋರು ಯಾರಾದ್ರೂ ಗೊತ್ತಾ? ಗಿಡದ ಲೆಕ್ಕದಲ್ಲಿ ಕೂಲಿ ಕೊಡ್ತೀನಿ" ಅಂದಳು. ರೇಟು ಕೇಳಿ, ಬೀರುವಿನಲ್ಲಿದ್ದ ಹಳೇ ಚಾಕು ತೆಗೆದು ಮಸೆಯಲು ಕೊಟ್ಟಿದ್ದೇನೆ.