ಹಿಂದಿನ ಸೀಟಿನವರ ಅಭಿಪ್ರಾಯ

ಮಕ್ಕಳೇ, ಫ್ಯಾನಿಗೆ ಒಂದು, ಎರಡು, ಮೂರು ಎಂದು ತಿರುಗಿಸುವ ಗುಂಡಿ ಇರುವುದು ನಿಮಗೆ ಗೊತ್ತು. ಈಗ ಮೋಟಾರ್ ಸೈಕಲ್ಲಿಗೂ ಒಂದು ಗುಂಡಿ ಬಂದಿದೆ. ಅದು ಬದಲಾಯಿಸುವುದು ಗಾಡಿಯ ಸ್ವಭಾವವನ್ನು. ಅದಕ್ಕೆ ‘ರೈಡ್ ಮೋಡ್’ ಎಂದು ಹೆಸರು.

ನನ್ನ ಮೊಮ್ಮಗ ಕೊಂಡಿರುವುದು ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450. ದೂರ ಪ್ರಯಾಣಕ್ಕೆಂದೇ ಮಾಡಿದ ಬೈಕು. 452 ಸಿಸಿ ಎಂಜಿನ್, ಆರು ಗೇರು, 17 ಲೀಟರ್ ಪೆಟ್ರೋಲ್ ಟ್ಯಾಂಕು, ತೂಕ 196 ಕೆ.ಜಿ. ಇದರಲ್ಲಿ ಎರಡು ಮುಖ್ಯ ಮೋಡ್‌ಗಳಿವೆ: ಇಕೋ ಮತ್ತು ಪರ್ಫಾರ್ಮೆನ್ಸ್. ಇವೆರಡರಲ್ಲೂ ಬೇಕೆಂದರೆ ಹಿಂದಿನ ಚಕ್ರದ ಎಬಿಎಸ್ ಬ್ರೇಕ್ ವ್ಯವಸ್ಥೆಯನ್ನು ಆಫ್ ಮಾಡಬಹುದು.

ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು? ಬ್ಯಾಂಕಿನಲ್ಲಿ ನನ್ನ ಪಕ್ಕದ ಕೌಂಟರಿನ ಗೆಳೆಯನ ಬಳಿ ಜಾವಾ ಇತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ನಡೆಯಿತು. ಆ ಗಾಡಿಯಲ್ಲಿ ಕಿಕ್ ಹೊಡೆಯುವ ಲಿವರನ್ನೇ ಮುಂದಕ್ಕೆ ಮಡಚಿದರೆ ಅದೇ ಗೇರ್ ಲಿವರ್! ಪೆಟ್ರೋಲಿಗೆ ಅಳತೆ ಪ್ರಕಾರ ಆಯಿಲ್ ಬೆರೆಸಿ ಹಾಕಬೇಕಿತ್ತು. ಮೋಡ್ ಎಂಬುದೇನಿದ್ದರೂ ಓಡಿಸುವವನ ಕಿವಿಯಲ್ಲಿ, ಮಣಿಕಟ್ಟಿನಲ್ಲಿ ಇರುತ್ತಿತ್ತು.

ಆಗ ಆಕ್ಸಿಲರೇಟರ್ ತಿರುಗಿಸಿದರೆ ಒಂದು ಕೇಬಲ್ ಎಳೆದು ಕಾರ್ಬುರೇಟರ್ ತೆರೆಯುತ್ತಿತ್ತು. ಕೈ ಎಷ್ಟು ತಿರುಗಿತೋ ಅಷ್ಟು ತೆರೆಯಿತು. ಮೊಮ್ಮಗನ ಬೈಕಿನಲ್ಲಿ ಆ ಕೇಬಲ್ ಇಲ್ಲ. ಕೈ ಎಷ್ಟು ತಿರುಗಿತೆಂದು ಒಂದು ಸೆನ್ಸರ್ ಕಂಪ್ಯೂಟರಿಗೆ ತಿಳಿಸುತ್ತದೆ. ಕಂಪ್ಯೂಟರ್ ಸಣ್ಣ ಮೋಟಾರಿನಿಂದ ಎಂಜಿನ್ನಿಗೆ ಗಾಳಿ ಹೋಗುವ ಬಾಗಿಲನ್ನು ತೆರೆಯುತ್ತದೆ. ಅಂಗಡಿಗೆ ಹೋಗಿ ಬಾ ಎಂದರೆ ಒಬ್ಬ ಹುಡುಗ ಚಂಗನೆ ಎದ್ದು ಓಡುತ್ತಾನೆ, ಇನ್ನೊಬ್ಬ “ಬಂದೇ...” ಎಂದು ಮೆಲ್ಲಗೆ ಏಳುತ್ತಾನೆ. ಮೊದಲನೆಯವನು ಪರ್ಫಾರ್ಮೆನ್ಸ್, ಎರಡನೆಯವನು ಇಕೋ. ಹೇಳಿದ ಕೆಲಸ ಒಂದೇ, ಏಳುವ ರೀತಿ ಬೇರೆ.

ಮೊಮ್ಮಗ “ತಾತ, ಹಾಸನಕ್ಕೆ ಬೈಕಿನಲ್ಲೇ ಹೋಗೋಣ” ಎಂದ. ನನಗೆ ಆಸೆಯಾಯಿತು. ಸೊಸೆ ಮಾತ್ರ, “ಮಾವ, ನಿಮ್ಮ ಬೆನ್ನುಮೂಳೆ ಸವೆದಿದೆ, ಹೆಚ್ಚು ಕುಲುಕಾಟ ಬೇಡ ಅಂತ ಡಾಕ್ಟರು ಹೇಳಿರೋದು ಮರೆತು ಹೋಯ್ತಾ?” ಎಂದಳು. ಅವಳು ಹೇಳಿದ್ದು ಸರಿಯೇ. ಮಲಗಿದರೆ ಏಳುವುದು ಕಷ್ಟವಾದ ದಿನಗಳನ್ನು ಮನೆಯಲ್ಲಿ ಎಲ್ಲರೂ ನೋಡಿದ್ದಾರೆ. ಹಾಗಾಗಿ ಈ ಬೈಕು ಇಟ್ಟುಕೊಂಡವರನ್ನೇ ಕೇಳಿ ತೀರ್ಮಾನಿಸೋಣ ಎಂದೆ. ಮೊಮ್ಮಗ ತನ್ನ ನಾಲ್ವರು ಸ್ನೇಹಿತರನ್ನು ಭಾನುವಾರ ಉಪ್ಪಿಟ್ಟಿಗೆ ಕರೆದ. ನಾಲ್ವರದೂ ಇದೇ ಬೈಕು. ನಾನು ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಎತ್ತರ, ಓಡಾಡುವ ರಸ್ತೆ, ಅಭಿಪ್ರಾಯ ಎಂದು ಮೂರು ಕಾಲಂ ಮಾಡಿಕೊಂಡೆ.

ಮೊದಲನೆಯವನು ಆರಡಿಯ ಸಾಫ್ಟ್‌ವೇರ್ ಹುಡುಗ. “ಇಕೋನಾ? ಅದು ನಿದ್ದೆ ಮೋಡ್ ಸಾರ್. ಹೈವೇಲಿ ಲಾರಿ ದಾಟಬೇಕಾದ್ರೆ ಪರ್ಫಾರ್ಮೆನ್ಸೇ ಬೇಕು” ಎಂದ. ಸೀಟು ಸರಿಯಾಗಿದೆಯಂತೆ. ಈ ಸೀಟನ್ನು 825 ಮಿಲಿಮೀಟರ್ ಎತ್ತರದಿಂದ 845ಕ್ಕೆ ಏರಿಸಬಹುದು. ಅವನು ಏರಿಸಿಕೊಂಡಿದ್ದಾನೆ.

ಎರಡನೆಯವರು ಐದಡಿ ಐದಂಗುಲದ ಕಾಲೇಜು ಉಪನ್ಯಾಸಕರು. ದಿನವೂ ಸಿಟಿ ಟ್ರಾಫಿಕ್. “ನನಗೆ ಇಕೋನೇ ದೇವರು. ನಿಧಾನಕ್ಕೆ ಹೋಗುವಾಗ ಗಾಡಿ ಜಗ್ಗುವುದಿಲ್ಲ, ಮಳೆಯಲ್ಲೂ ಧೈರ್ಯ” ಎಂದರು. ಸೀಟು ಗಟ್ಟಿ ಎನಿಸಿ ಮೇಲೊಂದು ಗಾಳಿ ದಿಂಬು ಹಾಕಿಸಿದ್ದಾರೆ.

ಮೂರನೆಯವಳು ಸಕಲೇಶಪುರದ ಕಡೆಯ ಹುಡುಗಿ, ತೋಟದ ಮಣ್ಣುದಾರಿಯಲ್ಲಿ ಓಡಿಸುವವಳು. ಎಬಿಎಸ್ ವಿಷಯ ತಿಳಿಸಿಕೊಟ್ಟವಳು ಅವಳೇ. ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಪೂರ್ತಿ ನಿಂತರೆ ಗಾಡಿ ಜಾರುತ್ತದೆ. ಎಬಿಎಸ್ ಸರಸರನೆ ಬಿಟ್ಟು ಹಿಡಿದು ಮಾಡಿ ಚಕ್ರ ತಿರುಗುತ್ತಲೇ ಇರುವಂತೆ ನೋಡಿಕೊಳ್ಳುತ್ತದೆ. ಟಾರು ರಸ್ತೆಗೆ ಅದೇ ಒಳ್ಳೆಯದು. ಆದರೆ ಸಡಿಲ ಮಣ್ಣಿನ ಇಳಿಜಾರಿನಲ್ಲಿ ಗಾಡಿ ನಿಲ್ಲುವುದಕ್ಕೆ ಹೆಚ್ಚು ದೂರ ಹಿಡಿಯಬಹುದು. ಅದಕ್ಕೇ ಪಳಗಿದವರು ಅಲ್ಲಿ ಹಿಂದಿನ ಚಕ್ರದ್ದನ್ನು ಮಾತ್ರ ಆಫ್ ಮಾಡುತ್ತಾರೆ. ಮುಂದಿನದ್ದು ಯಾವಾಗಲೂ ಇದ್ದೇ ಇರುತ್ತದೆ. “ಡಾಂಬರಿಗೆ ಬಂದ ತಕ್ಷಣ ಮತ್ತೆ ಆನ್ ಮಾಡಲೇಬೇಕು ತಾತ” ಎಂದು ಎರಡು ಸಲ ಹೇಳಿದಳು.

ನಾಲ್ಕನೆಯವರಿಗೆ ಐವತ್ತು ದಾಟಿದೆ. “ಗಟ್ಟಿ ಸೀಟೇ ಒಳ್ಳೇದು. ಮೆತ್ತಗಿದ್ದರೆ ಮೊದಲ ಅರ್ಧ ಗಂಟೆ ಸುಖ, ಆಮೇಲೆ ಅಮುಕಿ ಹೋಗಿ ಮೂಳೆಗೇ ಒತ್ತುತ್ತೆ. ನಾನು ಆಗಾಗ ಫುಟ್‌ರೆಸ್ಟ್ ಮೇಲೆ ನಿಂತುಕೊಂಡು ಓಡಿಸ್ತೀನಿ” ಎಂದರು.

ಒಂದೇ ಬೈಕು, ನಾಲ್ಕು ತೀರ್ಪು. ಆದರೆ ಕಾಲಂಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಜಗಳವೇನೂ ಕಾಣಲಿಲ್ಲ. ಆರಡಿಯವನಿಗೆ ಸಿಟಿ ರಸ್ತೆ ಕೊಟ್ಟರೆ ಅವನೂ ಇಕೋ ಎನ್ನಬಹುದು. ಯಾರ ಅಭಿಪ್ರಾಯ ಕೇಳಿದರೂ, ಅವರ ಎತ್ತರವೆಷ್ಟು, ರಸ್ತೆ ಯಾವುದು ಎಂದು ಜೊತೆಗೇ ಕೇಳಬೇಕು.

ಕೊನೆಯಲ್ಲಿ ನಾನು, “ಹಿಂದೆ ಕೂತವರಿಗೆ ಹೇಗಿರುತ್ತೆ?” ಎಂದೆ. ನಾಲ್ವರೂ ಮುಖ ಮುಖ ನೋಡಿಕೊಂಡರು. “ಹಿಂದೆ ನಾವು ಬ್ಯಾಗ್ ಕಟ್ತೀವಿ ಸಾರ್” ಎಂದರು! ನನ್ನ ಬೆನ್ನಿಗೆ ಬೇಕಾದ ಉತ್ತರ ಮಾತ್ರ ಪುಸ್ತಕದಲ್ಲಿ ಬರಲಿಲ್ಲ.

ಸೊಸೆಯ ಷರತ್ತಿನ ಮೇಲೆ ಹೊರಟೆವು. ಐಎಸ್‌ಐ ಗುರುತಿನ ಹೆಲ್ಮೆಟ್ ಇಬ್ಬರಿಗೂ, ನನಗೆ ಸೊಂಟದ ಬೆಲ್ಟು, ಮುಕ್ಕಾಲು ಗಂಟೆಗೊಮ್ಮೆ ಇಳಿದು ನಡೆದಾಡುವುದು, ನೋವು ಕಂಡರೆ ಅಲ್ಲೇ ಬಸ್ಸು ಹತ್ತುವುದು. ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣ ಹೀಗೆ ಇಳಿದು ಹತ್ತಿ ಹಾಸನ ಸೇರಿದೆವು. ಹೈವೇಯಲ್ಲಿ ಬೆನ್ನಿಗೆ ಏನೂ ಆಗಲಿಲ್ಲ.

ಮರುದಿನ ಹಾಸನದಿಂದ ಬೇಲೂರಿಗೆ ಹೋಗಿ ಬಂದೆವು. ಉಬ್ಬು, ತಿರುವು, ಊರುಗಳು ಇರುವ ರಸ್ತೆ. ಅಲ್ಲಿ ಒಂದು ವಿಷಯ ಗಮನಕ್ಕೆ ಬಂತು. ಮೊಮ್ಮಗ ಆಕ್ಸಿಲರೇಟರ್ ಬಿಟ್ಟಾಗಲೆಲ್ಲ ನಾನು ಮುಂದಕ್ಕೆ ವಾಲಿ ನನ್ನ ಹೆಲ್ಮೆಟ್ ಅವನ ಹೆಲ್ಮೆಟ್ಟಿಗೆ ‘ಟಕ್’ ಎಂದು ಬಡಿಯುತ್ತಿತ್ತು. ಪ್ರತಿ ‘ಟಕ್’ಗೂ ಸೊಂಟದಲ್ಲೊಂದು ಚುಳುಕು. ಎಣಿಸುವುದು ನನಗೆ ಅಭ್ಯಾಸವಾದ ಕೆಲಸ, ಎಣಿಸಿದೆ. ಹೋಗುವಾಗ ಪರ್ಫಾರ್ಮೆನ್ಸ್ ಮೋಡ್: 17 ಟಕ್. ಬರುವಾಗ ಇಕೋ: 9.

ರಾತ್ರಿ ಊಟದ ಹೊತ್ತಿಗೆ ಲೆಕ್ಕ ಒಪ್ಪಿಸಿದೆ. ಅವನು ನಗಲಿಲ್ಲ. “ಟಕ್ ಅಂದಾಗ ನಿಮಗೆ ನೋಯುತ್ತೆ ಅಂತ ಗೊತ್ತೇ ಇರಲಿಲ್ಲ ತಾತ” ಎಂದ. ಮಾರನೆಯ ದಿನ ಬೇಲೂರಿನ ಬಂಧುಗಳ ಮನೆಗೆ ಊಟಕ್ಕೆ ಹೋಗಬೇಕಿತ್ತು. ಅದೇ ರಸ್ತೆ. “ಪರ್ಫಾರ್ಮೆನ್ಸಲ್ಲೇ ಓಡಿಸ್ತೀನಿ, ಎಣಿಸಿ” ಎಂದ. ಈ ಸಲ ಉಬ್ಬು ದೂರದಲ್ಲಿ ಕಂಡಾಗಲೇ ಮೆಲ್ಲಗೆ ಕೈ ಸಡಿಲಿಸಿದ. ಗೇರ್ ಬದಲಿಸುವಾಗ ಆತುರಪಡಲಿಲ್ಲ. ಬ್ರೇಕ್ ಹಿಡಿಯುವ ಮೊದಲು “ತಾತ, ಬ್ರೇಕು” ಎಂದು ಹೇಳಿದ. ಬೇಲೂರು ಮುಟ್ಟುವಾಗ ಲೆಕ್ಕ 5.

ಇಕೋ ಮೋಡ್ ಎಂಟು ಟಕ್ ಕಡಿಮೆ ಮಾಡಿತು. ಹುಡುಗನ ಕೈ ಹನ್ನೆರಡು ಕಡಿಮೆ ಮಾಡಿತು. ಕಂಪ್ಯೂಟರಿಗೆ ಗೊತ್ತಿರುವುದು ಕೈ ಎಷ್ಟು ತಿರುಗಿತು ಎಂಬುದು ಮಾತ್ರ. ಹಿಂದೆ ಎಪ್ಪತ್ತು ದಾಟಿದ ಬೆನ್ನೊಂದು ಕೂತಿದೆ ಎಂಬುದು ಓಡಿಸುವವನಿಗೇ ಗೊತ್ತಿರಬೇಕು, ಅದಕ್ಕೆ ಕೂತವರು ಬಾಯಿ ಬಿಟ್ಟು ಹೇಳಬೇಕು.

ನನ್ನ ವಯಸ್ಸಿನವರಿಗೆ ಒಂದು ಮಾತು. ಮಕ್ಕಳು ಬೇಸರಪಟ್ಟುಕೊಂಡಾರೆಂದು ನೋವನ್ನು ನುಂಗಿಕೊಂಡು ಕೂರಬೇಡಿ, ಇನ್ನು ಮೇಲೆ ಕರೆಯುವುದಿಲ್ಲವೇನೋ ಎಂದು ಹೆದರಲೂ ಬೇಡಿ. ಹೇಳಿದರೆ ಸರಿಮಾಡಿಕೊಳ್ಳುತ್ತಾರೆ. ಮಕ್ಕಳೇ, ನೀವೂ ಅಪ್ಪ ಅಮ್ಮನ ಸ್ಕೂಟರಿನ ಹಿಂದೆ ಕೂರುವವರೇ. ಕಾಲು ಫುಟ್‌ರೆಸ್ಟಿಗೆ ಎಟುಕದಿದ್ದರೆ, ಹೆದರಿಕೆಯಾದರೆ ತಕ್ಷಣ ಹೇಳಿ. ಮುಂದೆ ದೊಡ್ಡವರಾಗಿ ನೀವೇ ಓಡಿಸುವಾಗ, ಹೊರಡುವ ಮುಂಚೆ ಹಿಂದೆ ತಿರುಗಿ “ಸರಿಯಾಗಿ ಕೂತಿರಾ?” ಎಂದು ಒಮ್ಮೆ ಕೇಳಿ.

ನನ್ನ ನೋಟ್‌ಬುಕ್ಕಿನಲ್ಲಿ ಈಗ ‘ಹಿಂದಿನ ಸೀಟು’ ಎಂದು ನಾಲ್ಕನೆಯ ಕಾಲಂ ಸೇರಿದೆ. ಸೊಸೆ ಅದನ್ನು ಓದಿ, ಮುಂದಿನ ತಿಂಗಳು ಶೃಂಗೇರಿಗೆ ಹೋಗಲು ಒಪ್ಪಿದ್ದಾಳೆ. ಮುಕ್ಕಾಲು ಗಂಟೆಗೊಮ್ಮೆ ಇಳಿಯುವ ಷರತ್ತು ಮಾತ್ರ ಹಾಗೆಯೇ ಉಳಿದಿದೆ.