ಉಪ್ಪನೊಂದಿಗೆ ಗುಡ್ಡೆಗೆ

ವಿದೇಶದಿಂದ ಊರಿಗೆ ಹೊರಡುವವರ ಪೆಟ್ಟಿಗೆಯಲ್ಲಿ ಏನೇನಿರುತ್ತದೆ ಎಂದು ನಿಮಗೂ ಗೊತ್ತಿದೆ. ಚಾಕಲೇಟು, ಅತ್ತರು, ಮಕ್ಕಳಿಗೆ ಬಟ್ಟೆ, ಹಿರಿಯರಿಗೆ ಮಂಡಿನೋವಿನ ಮುಲಾಮು. ಕಳೆದ ಡಿಸೆಂಬರಿನಲ್ಲಿ ಟೊರೊಂಟೋದಿಂದ ಹೊರಟಾಗ ನನ್ನ ಪೆಟ್ಟಿಗೆಯಲ್ಲೂ ಇವೆಲ್ಲ ಇದ್ದವು. ಜೊತೆಗೆ ತೂಕದ ಯಂತ್ರಕ್ಕೆ ಸಿಗದ ಒಂದು ಹೊರೆಯೂ ಇತ್ತು. ಊರಿನ ಜಾಗ ಮಾರಿ ಮಂಗಳೂರಿನ ಫ್ಲ್ಯಾಟಿಗೆ ಬರುವಂತೆ ಉಪ್ಪ, ಉಮ್ಮನನ್ನು ಒಪ್ಪಿಸುವ ಕೆಲಸವನ್ನು ಗಲ್ಫಿನಲ್ಲಿರುವ ನನ್ನ ತಮ್ಮಂದಿರಿಬ್ಬರು ನನಗೆ ಒಪ್ಪಿಸಿದ್ದರು. "ನೀನು ಹೇಳಿದರೆ ಉಪ್ಪ ಇಲ್ಲ ಎನ್ನುವುದಿಲ್ಲ" ಎಂದು ಇಬ್ಬರೂ ಫೋನಿನಲ್ಲಿ ಪದೇ ಪದೇ ಹೇಳಿದ್ದರು.

ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಉಪ್ಪನಿಗೆ ಎಪ್ಪತ್ತೆಂಟು ದಾಟಿದೆ. ಉಮ್ಮನಿಗೆ ಸಕ್ಕರೆ ಕಾಯಿಲೆ. ರಾತ್ರಿ ಏನಾದರೂ ಆದರೆ ಆಟೋ ಬರಲು ಅರ್ಧ ಗಂಟೆ ಬೇಕು. ಅಡಿಕೆ ಕೀಳಲು ಜನ ಸಿಗುವುದಿಲ್ಲ. ನಾವು ಮೂವರು ಮಕ್ಕಳಲ್ಲಿ ಯಾರೂ ಹಿಂದಿರುಗಿ ಬಂದು ತೋಟ ನೋಡಿಕೊಳ್ಳುವವರಲ್ಲ.

ದುಬೈವರೆಗೆ 13 ಗಂಟೆಯ ಹಾರಾಟ, ಅಲ್ಲಿ ರಾತ್ರಿಯೆಲ್ಲ ಕಾಯುವಿಕೆ, ಮತ್ತೆ ಮೂರೂವರೆ ಗಂಟೆ ಪ್ರಯಾಣಿಸಿ ಮಂಗಳೂರಿನಲ್ಲಿ ಇಳಿದಾಗ ಹನ್ನೆರಡು ವರ್ಷದ ಮಗನಿಗೆ ಯಾವುದು ಹಗಲು, ಯಾವುದು ರಾತ್ರಿ ಎಂಬುದೇ ಮರೆತು ಹೋಗಿತ್ತು. ಬಿ.ಸಿ. ರೋಡ್, ಕಲ್ಲಡ್ಕ, ವಿಟ್ಲ ದಾಟಿ ಅಡ್ಯನಡ್ಕದ ಕಡೆಗೆ ಕಾರು ತಿರುಗಿದಾಗ ಅವನು ನನ್ನ ಹೆಗಲ ಮೇಲೆ ನಿದ್ದೆ ಹೋಗಿದ್ದ. ಅಂಗಳದ ತುಂಬಾ ಹರಡಿದ್ದ ಅಡಿಕೆಯ ನಡುವೆ ಉಪ್ಪ ನಿಂತಿದ್ದರು. ನಾಲ್ಕು ವರ್ಷಗಳಲ್ಲಿ ಅವರು ಒಂದು ಗೇಣು ಗಿಡ್ಡವಾದಂತೆ ನನಗೆ ಕಂಡಿತು.

ಹೊರಡುವ ಮೊದಲೇ ಫೋನಿನಲ್ಲಿ ಅವರು ನನ್ನಲ್ಲಿ ಒಂದೇ ಒಂದು ಕೇಳಿದ್ದರು. "ಈ ಸಲ ನನಗೆ ಒಂದು ದಿನ ಕೊಡು ಮಗಳೇ. ಗುಡ್ಡೆಗೆ ಹೋಗಿ ಬರುವ." ನಾನು ಆಯಿತು ಎಂದಿದ್ದೆ. ಆದರೆ ಮೂರು ವಾರದ ರಜೆ ಹೇಗೆ ಕರಗುತ್ತದೆ ಎಂಬುದು ನಿಮಗೆ ಗೊತ್ತಲ್ಲ? ಎರಡು ಮದುವೆ, ಒಂದು ತೊಟ್ಟಿಲು, ಮಂಗಳೂರಿನಲ್ಲಿ ಬಟ್ಟೆ ಖರೀದಿ, ಹಲ್ಲಿನ ಡಾಕ್ಟರು, ಮಾಮಂದಿರ ಮನೆಯಲ್ಲಿ ಕೋರಿರೊಟ್ಟಿ, ಅತ್ತೆಯ ಮನೆಯಲ್ಲಿ ಬಿರಿಯಾನಿ. ಎಲ್ಲ ಕಡೆಗೂ ಕಾರು. ಹದಿನೇಳು ದಿನಗಳಲ್ಲಿ ಸ್ವಂತ ಊರಿನ ಮಣ್ಣಿನ ಮೇಲೆ ನಾನು ನಡೆದದ್ದು ಅಂಗಳದಿಂದ ಗೇಟಿನವರೆಗೆ ಮಾತ್ರ. ಉಪ್ಪ ಮತ್ತೆ ಕೇಳಲಿಲ್ಲ. ಜಗಲಿಯಲ್ಲಿ ಕುಳಿತು ನಮ್ಮ ಕಾರು ಹೋಗುವುದನ್ನೂ ಬರುವುದನ್ನೂ ನೋಡುತ್ತಿದ್ದರು.

ಹದಿನೆಂಟನೆಯ ದಿನ ಸುಬಹಿ ನಮಾಝ್ ಮುಗಿಸಿ ನಾನೇ ಹೇಳಿದೆ, "ಹೋಗುವ ಉಪ್ಪ." ಅವರು ಒಂದು ಮಾತೂ ಆಡದೆ ತಲೆಗೆ ಬೈರಾಸು ಸುತ್ತಿಕೊಂಡು, ಕತ್ತಿ ಹಿಡಿದುಕೊಂಡು ಹೊರಟೇ ಬಿಟ್ಟರು. ಮಗ ಕಣ್ಣುಜ್ಜುತ್ತಾ ಹಿಂದೆ ಬಂದ.

ತೋಟದ ಕೆಳಗೆ ತೋಡು, ಅದರ ಮೇಲೆ ಅಡಿಕೆ ಮರದ ಸಂಕ. ನಾನು ಸಣ್ಣವಳಿದ್ದಾಗ ಓಡುತ್ತಾ ದಾಟುತ್ತಿದ್ದ ಸಂಕವದು. ಈಗ ನನ್ನ ಕಾಲು ನಡುಗಿತು. ಉಪ್ಪ ಕೈ ಹಿಡಿದು ದಾಟಿಸಿದರು. ಅವರನ್ನು ನಾವು ನೋಡಿಕೊಳ್ಳಬೇಕು ಎಂದು ಹೇಳಲು ಬಂದವಳು ನಾನು!

ಗುಡ್ಡೆ ಹತ್ತುವಾಗ ಅವರು ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದರು. ನಿಂತಾಗಲೆಲ್ಲ ಏನಾದರೊಂದು ತೋರಿಸುತ್ತಿದ್ದರು. ಇದು ನಮ್ಮ ಗಡಿಯ ಅಗಳು. ಈ ಗೇರುಮರ ನೀನು ಹುಟ್ಟಿದ ವರ್ಷ ನೆಟ್ಟದ್ದು. ಮುಳಿಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗಿತ್ತು, ಗೇರು ಹೂ ಬಿಡುತ್ತಿತ್ತು. ಕಾಡುನೆಲ್ಲಿಯ ಮರದಿಂದ ನಾಲ್ಕು ಕಾಯಿ ಕಿತ್ತು ಮೊಮ್ಮಗನ ಕೈಗೆ ಕೊಟ್ಟರು. ಅವನು ಕಚ್ಚಿ ಮುಖ ಕಿವುಚಿದ. ಉಪ್ಪ ನಗುತ್ತಾ, "ಉಗುಳಬೇಡ, ನೀರು ಕುಡಿಯುವ ಜಾಗಕ್ಕೇ ಹೋಗುತ್ತಿದ್ದೇವೆ" ಎಂದರು.

ಆ ಜಾಗವೇ ಸುರಂಗ. ನಮ್ಮ ಕಡೆಯವರಲ್ಲದ ಓದುಗರಿಗಾಗಿ ಸ್ವಲ್ಪ ವಿವರಿಸುತ್ತೇನೆ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸರಾಸರಿ 3500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಆದರೆ ಗುಡ್ಡದ ಮೇಲೆ ಬಿದ್ದ ನೀರು ಅಲ್ಲಿ ನಿಲ್ಲುವುದಿಲ್ಲ. ಒಂದಷ್ಟು ಹರಿದು ಹೋಗುತ್ತದೆ, ಒಂದಷ್ಟು ಮುರಕಲ್ಲಿನೊಳಗೆ ಇಂಗುತ್ತದೆ. ಹಾಗೆ ಇಂಗಿದ ನೀರನ್ನು ಹುಡುಕಿಕೊಂಡು ಬಾವಿಯಂತೆ ಕೆಳಕ್ಕೆ ಅಗೆಯದೆ, ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆಯುವುದೇ ಸುರಂಗ. ಒಬ್ಬ ಮನುಷ್ಯ ನಡೆಯುವಷ್ಟು ಎತ್ತರ, ಮೈ ತೂರುವಷ್ಟು ಅಗಲ. ನೀರು ತಾನಾಗಿ ಹರಿದು ಹೊರಗೆ ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ನಮ್ಮ ಪಕ್ಕದ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರು ಇಂಥ ಸುರಂಗಗಳನ್ನು ಒಬ್ಬರೇ ಕೊರೆದು, ಹಲವು ಸಲ ನೀರು ಸಿಗದಿದ್ದರೂ ಬಿಡದೆ ಬೋಳು ಗುಡ್ಡವನ್ನು ತೋಟವಾಗಿಸಿದವರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ನಾನು ಟೊರೊಂಟೋದಲ್ಲಿ ಎಲ್ಲರಿಗೂ ಹೆಮ್ಮೆಯಿಂದ ಹೇಳಿಕೊಂಡಿದ್ದೆ. ಆದರೆ ನಮ್ಮದೇ ಜಾಗದ ಸುರಂಗದ ಕಥೆ ನನಗೆ ಗೊತ್ತಿರಲಿಲ್ಲ.

ಮಂಡಿನೋವಿನಿಂದ ಉಪ್ಪ ಬಾಯಿಯ ಬಳಿಯೇ ಕುಳಿತರು. ನಾನೂ ಮಗನೂ ಮೊಬೈಲಿನ ಬೆಳಕಿನಲ್ಲಿ ಒಳಗೆ ನಡೆದೆವು. ಪಾದ ಮುಳುಗುವಷ್ಟು ತಣ್ಣನೆಯ ನೀರು. ಗೋಡೆಯ ತುಂಬಾ ಪಿಕಾಸಿಯ ಗುರುತುಗಳು ಹಾಗೇ ಇದ್ದವು. ಮಗ ಅವುಗಳ ಮೇಲೆ ಬೆರಳಾಡಿಸಿದ. ಹೊರಗೆ ಬಂದು ಬೊಗಸೆಯಲ್ಲಿ ನೀರು ಕುಡಿದ. ನೆಲ್ಲಿ ತಿಂದ ಬಾಯಿಗೆ ಅದು ಸಿಹಿಯಾಗಿತ್ತು. "ಇದರಲ್ಲಿ ಸಕ್ಕರೆ ಇದೆಯಾ?" ಎಂದು ಅವನು ತನ್ನ ಹರಕುಮುರುಕು ಬ್ಯಾರಿ ಭಾಷೆಯಲ್ಲಿ ಕೇಳಿದ. ಅಜ್ಜನೊಡನೆ ಅವನು ತಾನಾಗಿ ಆಡಿದ ಮೊದಲ ಮಾತದು.

ಆಗ ಉಪ್ಪ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದರು. ಇದನ್ನು ಕೊರೆದದ್ದು ನನ್ನ ಅಜ್ಜ. ಆಗ ಅವರೂ ಗೇಣಿದಾರ, ಕೆಳಮನೆಯವರೂ ಗೇಣಿದಾರರು. ಅಜ್ಜ ಒಳಗೆ ಎಣ್ಣೆಯ ದೀಪವಿಟ್ಟು ಕೊರೆಯುತ್ತಿದ್ದರು. ದೀಪ ಮಂಕಾದರೆ ಉಸಿರಿಗೆ ಗಾಳಿ ಸಾಲದೆಂದು ಹೊರಗೆ ಬರಬೇಕು. ಕೆಳಮನೆಯ ಹಿರಿಯರು ಎರಡು ಬೇಸಿಗೆ ಬುಟ್ಟಿಯಲ್ಲಿ ಮಣ್ಣು ಹೊತ್ತು ಹಾಕಿದರು, ಒಂದು ಪೈಸೆ ಕೂಲಿ ಪಡೆಯದೆ. ನೀರು ಸಿಕ್ಕಿದ ದಿನ ಅಜ್ಜ ಅವರಿಗೆ ಮಾತು ಕೊಟ್ಟರು, "ಹಗಲಿನ ನೀರು ನನಗೆ, ರಾತ್ರಿಯ ನೀರು ನಿಮಗೆ."

1974ರ ಭೂಸುಧಾರಣೆಯ ನಂತರ ಎರಡೂ ಮನೆಯವರಿಗೆ ಜಾಗ ಸ್ವಂತವಾಯಿತು. ಸುರಂಗ ನಮ್ಮ ಗಡಿಯೊಳಗೆ ಬಂತು. ಆದರೂ ಇಂದಿಗೂ ಮಗ್ರಿಬ್ ಬಾಂಗ್ ಕೇಳಿದಾಗ ಉಪ್ಪ ನಮ್ಮ ಪೈಪಿನ ಬಾಯಿಗೆ ಬೆಣೆ ಹಾಕಿ ಕೆಳಮನೆಯ ಪೈಪು ತೆರೆಯುತ್ತಾರೆ. ಕೆಳಮನೆಯ ಅಕ್ಕನೂ ಬಾಂಗ್ ಕೇಳಿಯೇ ತೋಟಕ್ಕೆ ಇಳಿಯುತ್ತಾರಂತೆ.

"ಇದು ಯಾವ ಪಹಣಿಯಲ್ಲೂ ಇಲ್ಲ ಮಗಳೇ" ಎಂದರು ಉಪ್ಪ. "ಜಾಗದಲ್ಲಿ ನಿನಗೂ ಪಾಲಿದೆ. ಪಾಲಿನ ಜೊತೆ ಈ ಮಾತೂ ಬರುತ್ತದೆ. ನಾಳೆ ನೀವು ಯಾರಿಗಾದರೂ ಮಾರಿದರೆ ಅವನು ಬೆಣೆ ಹಾಕಿ ಕುಳಿತಾನು. ಆಗ ನನ್ನ ತಂದೆಯ ಮಾತು ಏನಾಗಬೇಕು?"

ನನಗೆ ತಲೆ ಎತ್ತಲಾಗಲಿಲ್ಲ. ಅವರಿಗೆ ಎಲ್ಲವೂ ಗೊತ್ತಿತ್ತು. ಸಣ್ಣ ತಮ್ಮ ಉಮ್ಮನಲ್ಲಿ ಬಾಯಿಬಿಟ್ಟಿದ್ದನಂತೆ. ಹದಿನೇಳು ದಿನವೂ ಅವರು ಕಾದದ್ದು ನಾನು ಮಾತೆತ್ತಲಿ ಎಂದಲ್ಲ, ನಾನು ಒಮ್ಮೆ ಇಲ್ಲಿಯವರೆಗೆ ನಡೆದು ಬರಲಿ ಎಂದು.

ಅಂದು ರಾತ್ರಿ ತಮ್ಮಂದಿರಿಗೆ ಫೋನು ಮಾಡಿದೆ. ದೊಡ್ಡವನು ಮೊದಲು ಸಿಡುಕಿದ. "ಬಾಯಿಮಾತಿಗಾಗಿ ಜಾಗದ ಬೆಲೆ ಇಳಿಸಬೇಕಾ?" ಎಂದ. ಫೋನನ್ನು ಉಪ್ಪನ ಕೈಗೆ ಕೊಟ್ಟೆ. ಅವರು ಏನು ಹೇಳಿದರೋ, ಹತ್ತು ನಿಮಿಷದ ಬಳಿಕ ಅವನ ದನಿ ಬದಲಾಗಿತ್ತು. ಸದ್ಯಕ್ಕೆ ಮಾರುವ ಮಾತಿಲ್ಲ ಎಂದು ತೀರ್ಮಾನವಾಯಿತು. ಮುಂದೆ ಮಾರುವ ದಿನ ಬಂದರೆ ಕೆಳಮನೆಯ ರಾತ್ರಿಯ ನೀರನ್ನು ಕ್ರಯಪತ್ರದಲ್ಲಿ ಬರೆಸಲೇಬೇಕು ಎಂದು ಒಂದು ಕಾಗದ ಬರೆದೆವು. ಉಪ್ಪನೂ ನಾನೂ ಸಹಿ ಹಾಕಿದೆವು. ತಮ್ಮಂದಿರ ಸಹಿಗೆ ಜಾಗ ಬಿಟ್ಟಿದ್ದೇವೆ. ಉಪ್ಪ, ಉಮ್ಮನ ಒಂಟಿತನದ ಚಿಂತೆ ಹಾಗೇ ಇದೆ. ಅದಕ್ಕೆ ಇನ್ನೂ ದಾರಿ ಹುಡುಕುತ್ತಿದ್ದೇವೆ.

ಪ್ರಿಯ ಓದುಗರೇ, ನೀವೂ ದೂರದಿಂದ ಊರಿಗೆ ಬರುವವರಾದರೆ ನಿಮ್ಮ ರಜೆಯ ಪಟ್ಟಿಯಲ್ಲಿ ಒಂದು ದಿನ ಖಾಲಿ ಬಿಡಿ. ಕಾರಿನ ಕೀಲಿ ಮೊಳೆಗೆ ತೂಗುಹಾಕಿ, ಹೆತ್ತವರ ಕಾಲಿನ ವೇಗಕ್ಕೆ ನಿಮ್ಮ ಕಾಲನ್ನು ಹೊಂದಿಸಿ ನಡೆಯಿರಿ. ನಮಗೆ ಬಿಟ್ಟುಹೋಗುವ ಆಸ್ತಿಯ ಲೆಕ್ಕ ಕಾಗದದಲ್ಲಿ ಸಿಗುತ್ತದೆ. ಅದರ ಜೊತೆಗಿರುವ ಅಮಾನತ್ತು ಯಾವುದೆಂದು ಅವರೇ ತೋರಿಸಬೇಕು, ಅವರು ನಡೆಯುತ್ತಿರುವಾಗಲೇ.

ಹೊರಡುವ ದಿನ ಸಂಜೆ ಮಗ ಕಾಣೆಯಾಗಿದ್ದ. ಮಗ್ರಿಬ್ ಬಾಂಗ್ ಮುಗಿದ ಮೇಲೆ ಗುಡ್ಡೆಯ ಕಡೆಯಿಂದ ಒದ್ದೆ ಕೈಗಳೊಂದಿಗೆ ಓಡಿ ಬಂದ. ಅಂದು ಬೆಣೆ ಹಾಕಿದವನು ಅವನು.