ಒಂದಗುಳಿನ ವಿಚಾರ

ಅನ್ನ ಬೆಂದಿತೇ ಎಂದು ತಿಳಿಯಲು ಒಂದಗುಳನ್ನು ಹಿಸುಕಿ ನೋಡಿದರೆ ಸಾಕಷ್ಟೆ. ಶಾಸ್ತ್ರಕಾರರು ಇದನ್ನು ಸ್ಥಾಲೀಪುಲಾಕನ್ಯಾಯವೆಂದಿರುವರು. ಪಾಠಶಾಲೆಯಲ್ಲಿ ಕಲಿತ ಈ ನ್ಯಾಯವು ಭೌತಶಾಸ್ತ್ರದ ಈಸಿಂಗ್ ಮಾದರಿಯ ಚರಿತ್ರೆಯನ್ನೋದುವಾಗ ನನ್ನ ಮನಸ್ಸನ್ನು ಬಹುವಾಗಿ ಕಾಡಿತು.

ಕಬ್ಬಿಣದ ಅಯಸ್ಕಾಂತವನ್ನು ಸುಮಾರು 770 ಡಿಗ್ರಿ ಸೆಂಟಿಗ್ರೇಡಿಗಿಂತ ಮೇಲಕ್ಕೆ ಕಾಯಿಸಿದರೆ ಅದರ ಕಾಂತತ್ವವು ಅಳಿಯುವುದು. ಇಂಥ ಮಾರ್ಪಾಟನ್ನು ವಿಚಾರಿಸಲು ಜರ್ಮನಿಯ ವಿಲ್ಹೆಲ್ಮ್ ಲೆಂಟ್ಸ್ ಎಂಬ ಪಂಡಿತರು 1920ರಲ್ಲಿ ಅತಿ ಸರಳವಾದ ಕಲ್ಪನೆಯೊಂದನ್ನು ಮುಂದಿಟ್ಟರು. ಪ್ರತಿಯೊಂದು ಪರಮಾಣುವೂ ಕಿರಿಯ ಕಾಂತ. ಮೇಲ್ಮುಖ ಅಥವಾ ಕೆಳಮುಖ, ಎರಡೇ ಸ್ಥಿತಿ. ಅದು ನೆರೆಯವರಂತೆ ತಿರುಗಲು ಬಯಸುವುದು, ಶಾಖವು ಅದನ್ನು ಕೆಡಿಸುವುದು. ಶಿಷ್ಯರಾದ ಅರ್ನ್ಸ್ಟ್ ಈಸಿಂಗರು ಪರಮಾಣುಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ಲೆಕ್ಕಮಾಡಿ, ಕಿಂಚಿತ್ತು ಶಾಖವಿದ್ದರೂ ಅಲ್ಲಿ ಏಕಮುಖತೆ ನಿಲ್ಲದೆಂದು 1925ರಲ್ಲಿ ಪ್ರಕಟಿಸಿದರು. ಘನವಸ್ತುವಿನಲ್ಲಿಯೂ ಹೀಗೆಯೇ ಎಂದು ಊಹಿಸಿದರು. ಅಗುಳನ್ನು ನೋಡಿ ಪಾತ್ರೆಯ ಮಾತನಾಡಿದರು.

ಆ ಊಹೆ ನಿಲ್ಲಲಿಲ್ಲ. ತರಗತಿ ನಡೆಸಿದವರಿಗೆ ಕಾರಣವು ಸುಲಭವಾಗಿ ಹೊಳೆದೀತು. ಸಾಲಾಗಿ ಕುಳಿತ ಹುಡುಗರಲ್ಲಿ ಕಿವಿಯಿಂದ ಕಿವಿಗೆ ಮಾತು ಸಾಗುವಾಗ ಒಬ್ಬನು ತಪ್ಪಿದರೆ ಸಾಕು, ಮುಂದಿನವರೆಲ್ಲರೂ ತಪ್ಪುವರು. ಸಾಲು ಉದ್ದವಾದಷ್ಟೂ ತಪ್ಪಲು ಸ್ಥಳಗಳು ಹೆಚ್ಚು. ಹಾಸಿನಂತೆ ನಾಲ್ಕು ಕಡೆಯೂ ನೆರೆಯವರಿದ್ದರೆ ತಪ್ಪಿದವನನ್ನು ಸುತ್ತಲಿನವರು ತಿದ್ದುವರು. ವಿರುದ್ಧಮುಖದ ಗುಂಪು ಬೆಳೆಯಬೇಕಾದರೆ ಅದರ ಎಲ್ಲೆಯೂ ಬೆಳೆಯಬೇಕು. ಎಲ್ಲೆಯುದ್ದಕ್ಕೂ ಶಕ್ತಿಯ ದಂಡ ತೆರಬೇಕು. ಶಾಖವು ಅಲ್ಪವಾಗಿದ್ದರೆ ಗುಂಪು ಹಬ್ಬಲಾರದು. ಇದನ್ನು 1936ರಲ್ಲಿ ಪೈಯರ್ಲ್ಸ್ ತೋರಿಸಿಕೊಟ್ಟರು. 1944ರಲ್ಲಿ ಲಾರ್ಸ್ ಓನ್ಸಾಗರ್ ಸಮತಲದ ಲೆಕ್ಕವನ್ನು ಪೂರ್ತಿಯಾಗಿ ಬಿಡಿಸಿದರು.

ಈಸಿಂಗರಾದರೋ ಅಷ್ಟು ಹೊತ್ತಿಗೆ ಸಂಶೋಧನೆಯನ್ನು ಬಿಟ್ಟು ಉಪಾಧ್ಯಾಯರಾಗಿದ್ದರು. ಯೆಹೂದ್ಯರೆಂಬ ಕಾರಣದಿಂದ 1933ರಲ್ಲಿ ಸರ್ಕಾರಿ ಕೆಲಸ ಹೋಯಿತು. ಬಳಿಕ ಪಾಟ್ಸ್‌ಡಾಮಿನ ಬಳಿಯ ಕಾಪುಟ್‌ನಲ್ಲಿ ಯೆಹೂದಿ ಮಕ್ಕಳ ಶಾಲೆಯಲ್ಲಿ ಕಲಿಸಿದರು. 1938ರ ನವೆಂಬರಿನಲ್ಲಿ ಅದೂ ಧ್ವಂಸವಾಯಿತು. ಲಕ್ಸೆಂಬರ್ಗಿಗೆ ಹೋದರೆ ಅಲ್ಲಿಗೂ ಜರ್ಮನ್ ಸೈನ್ಯ ಬಂದಿತು. ರೈಲುಹಳಿ ಕೀಳುವ ಬಲವಂತದ ದುಡಿಮೆ ಪಾಲಿಗೆ ಬಂದಿತು. ತಮ್ಮ ಹೆಸರಿನ ಮಾದರಿಯು ಜಗತ್ತಿನ ಪಂಡಿತರ ಬಾಯಲ್ಲಿದೆಯೆಂಬುದು 1947ರಲ್ಲಿ ಅಮೆರಿಕೆಯನ್ನು ಸೇರಿದ ಮೇಲೆ, 1949ರ ವೇಳೆಗೆ ಅವರಿಗೆ ತಿಳಿಯಿತು. ಪಿಯೋರಿಯಾ ನಗರದ ಬ್ರಾಡ್ಲಿ ವಿಶ್ವವಿದ್ಯಾಲಯದಲ್ಲಿ 1976ರವರೆಗೆ ಪಾಠ ಹೇಳಿ, 1998ರಲ್ಲಿ ತೀರಿಕೊಂಡರು. ಪಾಠ ಹೇಳಿದ ಆ ವರ್ಷಗಳನ್ನು ವ್ಯರ್ಥವೆಂದು ಮರುಗುವವರೊಡನೆ ನನಗೆ ಸಮ್ಮತಿಯಿಲ್ಲ.

ವಿಚಿತ್ರವೆಂದರೆ, ತನ್ನ ಪಾತ್ರೆಯ ವಿಷಯದಲ್ಲಿ ಮೋಸಮಾಡಿದ ಈ ಅಗುಳು ಬೇರೆ ಪಾತ್ರೆಗಳ ಸುದ್ದಿಯನ್ನು ಸರಿಯಾಗಿ ಹೇಳುತ್ತಿದೆ. ದ್ರವವೂ ಆವಿಯೂ ಭೇದವನ್ನು ಕಳೆದುಕೊಳ್ಳುವ ಸಂಧಿಬಿಂದುವಿನ ಬಳಿ ಅವುಗಳ ವರ್ತನೆಯು ಘನರೂಪದ ಈಸಿಂಗ್ ಮಾದರಿಯ ಘಾತಾಂಕಗಳನ್ನೇ ಅನುಸರಿಸುವುದು. ತಾಮ್ರ ಸತುಗಳ ಹಿತ್ತಾಳೆಯಲ್ಲಿ ಪರಮಾಣುಗಳು ಸ್ಥಾನ ಹಂಚಿಕೊಳ್ಳುವುದೂ ಹಾಗೆಯೇ. 1982ರಲ್ಲಿ ಜಾನ್ ಹಾಪ್‌ಫೀಲ್ಡರು ಇದೇ ಬಗೆಯ ಎರಡು ಸ್ಥಿತಿಗಳ ಘಟಕಗಳಿಂದ ಸ್ಮೃತಿಯ ಮಾದರಿಯನ್ನು ರಚಿಸಿದರು. 2024ರಲ್ಲಿ ನೊಬೆಲ್ ಪಾರಿತೋಷಕದ ಪಾಲು ಪಡೆದರು. ಆದರೂ ಕಬ್ಬಿಣದ ತುಂಡಿನಂತೆ ಮೂರು ದಿಕ್ಕಿಗೂ ಹರಡಿದ ಮೂಲಪ್ರಶ್ನೆಯನ್ನು ಓನ್ಸಾಗರರಂತೆ ಪೂರ್ತಿಯಾಗಿ ಬಿಡಿಸಿದವರು ಇನ್ನೂ ಇಲ್ಲ.